ಬೋಗುಣಿಯಲ್ಲಿ ಎಷ್ಟು ಡಿಗ್ರಿ?

ಅಕ್ಟೋಬರ್ 14, ಮಂಗಳವಾರ

ಮೊಣಕಾಲು: ಹತ್ತಕ್ಕೆ ಏಳು.

ನೋವು ದಿನಾ ಎಷ್ಟಿದೆಯೆಂದು ಹತ್ತಕ್ಕೆ ಅಂಕಿ ಕೊಟ್ಟು ಬರೆದಿಡಬೇಕಂತೆ. ಡಾಕ್ಟರ ಆಜ್ಞೆ. ಒಂದು ಅಂಕಿಗಾಗಿ ಇಡೀ ಪುಟ ಹಾಳು ಮಾಡಲು ಮನಸ್ಸು ಬಾರದೆ ಉಳಿದ ಜಾಗದಲ್ಲಿ ನನ್ನ ಜೊತೆ ನಾನೇ ಹರಟೆ ಹೊಡೆಯುತ್ತಿದ್ದೇನೆ. ತೋರಿಸುವ ದಿನ ಅಂಕಿಗಳನ್ನು ಮಾತ್ರ ಬೇರೆ ಚೀಟಿಗೆ ಇಳಿಸಿಕೊಂಡರಾಯಿತು. ಅಂಕಿ ಇಳಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ನಾನು ಹವಾಮಾನ ಕಚೇರಿಯ ವೀಕ್ಷಕ, ಇಪ್ಪತ್ತೆರಡು ವರ್ಷದ ಅನುಭವಿ. ನನ್ನ ಸುಪರ್ದಿನಲ್ಲಿ ಎರಡು ಬಿಳಿ ಪೆಟ್ಟಿಗೆಗಳಿವೆ. ಒಂದು ದಿಬ್ಬದ ಮೇಲೆ, ಕಚೇರಿಯ ಅಂಗಳದಲ್ಲಿ. ನನ್ನ ಕ್ವಾರ್ಟರ್ಸಿನ ಹಾಸಿಗೆಯಿಂದ ನಲವತ್ತು ಹೆಜ್ಜೆ. ಇನ್ನೊಂದು ಕೆಳಗೆ, ಸುತ್ತಲೂ ಏರು ಇರುವ ತಗ್ಗಿನಲ್ಲಿ. ಜನ ಅದನ್ನು ಬೋಗುಣಿ ಎನ್ನುತ್ತಾರೆ. ಅಲ್ಲಿಗೆ ಇಳಿಯಲು ಮುನ್ನೂರ ಹನ್ನೆರಡು ಮೆಟ್ಟಿಲು. ಬೆಳಿಗ್ಗೆ ಏಳಕ್ಕೆ ಎರಡೂ ಪೆಟ್ಟಿಗೆ ತೆರೆದು, ಹಿಂದಿನ ರಾತ್ರಿ ಚಳಿ ಎಲ್ಲಿಯವರೆಗೆ ಇಳಿದಿತ್ತೆಂದು ನೋಡಿ ಬರೆಯುವುದು ನನ್ನ ಕೆಲಸ.

ಬೋಗುಣಿಯ ಪೆಟ್ಟಿಗೆಯನ್ನು ನಿಲ್ಲಿಸಿದ್ದು ಮೂರು ವರ್ಷದ ಹಿಂದೆ. ಮೊದಲ ಹದಿನೈದು ದಿನ ಶಿಸ್ತಾಗಿ ಇಳಿದೆ, ಹತ್ತಿದೆ. ಆಗೆಲ್ಲ ಮೋಡ. ದಿಬ್ಬಕ್ಕಿಂತ ಬೋಗುಣಿ ದಿನಾ ಪಾಯಿಂಟ್ ನಾಲ್ಕು ಡಿಗ್ರಿ ಬೆಚ್ಚಗಿತ್ತು. ಮೇಲೆ ಹೋದಷ್ಟೂ ತಂಪು, ಕೆಳಗೆ ಇಳಿದಷ್ಟೂ ಬಿಸಿ ಎಂದು ಶಾಲೆಯಲ್ಲಿ ಕಲಿತದ್ದಕ್ಕೂ ಅದು ಸರಿಹೊಂದಿತು. ಹದಿನಾರನೆಯ ದಿನ ಮೊಣಕಾಲು ಹಿಡಿಯಿತು. ಅಂದಿನಿಂದ ದಿಬ್ಬದ ಅಂಕಿಗೆ ಪಾಯಿಂಟ್ ನಾಲ್ಕು ಕೂಡಿಸಿ ಬೋಗುಣಿಯ ಕಾಲಮಿನಲ್ಲಿ ಬರೆಯುತ್ತಿದ್ದೇನೆ. ದಿನಾ ನಾಲ್ಕೇ ಆದರೆ ಅನುಮಾನ ಬಂದೀತೆಂದು ಒಮ್ಮೆ ಮೂರು, ಒಮ್ಮೆ ಐದು. ಸುಳ್ಳಿಗೂ ಒಂದು ಸಹಜತೆ ಬೇಕಲ್ಲ!

ನಮ್ಮ ಮೇಲಧಿಕಾರಿಗೆ ನಾವಿಟ್ಟ ಹೆಸರು ದಶಮಾಂಶ. "ಬೋಗುಣಿಯ ದಾಖಲೆ ನೋಡಿ ಕಲಿಯಿರಿ" ಎಂದು ಅವರು ಕಳೆದ ವರ್ಷ ಬೇರೆ ಕಚೇರಿಗಳಿಗೆಲ್ಲ ಪತ್ರ ಕಳಿಸಿದರು. ನನಗೆ ನಾಚಿಕೆಯಾಗಬೇಕಿತ್ತು. ಆ ಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೇನೆ.

ಅಕ್ಟೋಬರ್ 20, ಸೋಮವಾರ

ಮೊಣಕಾಲು: ಒಂಬತ್ತು. ಎದೆಗೂ ಅಂಕಿ ಕೊಡಬಹುದಾಗಿದ್ದರೆ ಹನ್ನೊಂದು.

ಅಕ್ಕ ಬಂದಿದ್ದಳು. ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅಮ್ಮ ಹೋದ ಮೇಲೆ ನನ್ನ ತಲೆ ಬಾಚಿ ಶಾಲೆಗೆ ಅಟ್ಟಿದವಳು, ಕಿವಿ ಹಿಂಡುವ ಹಕ್ಕನ್ನು ಇವತ್ತಿಗೂ ಬಿಟ್ಟುಕೊಡದವಳು. ಮೂವತ್ತೆಂಟು ವರ್ಷ ಆಸ್ಪತ್ರೆಯಲ್ಲಿ ದಾದಿಯಾಗಿದ್ದು ಈಚೆಗೆ ನಿವೃತ್ತಳಾದಳು. ಅವಳ ಕೈಗುಣ ಕೆಳಗಿನ ಬೀದಿಯಲ್ಲೆಲ್ಲ ಹೆಸರುವಾಸಿ. ಚುಚ್ಚುಮದ್ದು ಅವಳೇ ಕೊಡಬೇಕು, ಗಾಯಕ್ಕೆ ಪಟ್ಟಿ ಅವಳೇ ಕಟ್ಟಬೇಕು ಎಂದು ಜನ ಈಗಲೂ ಅವಳ ಬಾಗಿಲು ತಟ್ಟುತ್ತಾರೆ.

"ಒಂದು ಜಾಗ ಹಿಡಿದಿದೀನಿ ಕಣೋ. ಸಸಿ ಬೆಳೆಸ್ತೀನಿ. ಟೊಮೇಟೊ, ದಪ್ಪ ಮೆಣಸಿನಕಾಯಿ. ಬೇರೆಯವರದ್ದು ಮೊಳಕೆ ಒಡೆಯೋ ಹೊತ್ತಿಗೆ ನಂದು ಗೇಣುದ್ದ ಇರ್ಬೇಕು" ಎಂದಳು.

"ಚಳಿಗಾಲದಲ್ಲಾ? ಎಲ್ಲಿ?"

"ಬೋಗುಣೀಲಿ. ಮನೆಮನೆಗೆ ಪೇಪರ್ ಹಾಕ್ತಾಳಲ್ಲ, ಆ ಪೇಪರಿನವಳು ಬೇಡ ಅಂದ್ಲು, ಅಲ್ಲಿ ಚಳಿ ಅಂದ್ಲು. ನಾನು ಸುಮ್ನೆ ನಂಬ್ತೀನಾ? ನೀನು ರಜದಲ್ಲಿದ್ದಾಗ ನಿನ್ನ ಕಚೇರಿಗೆ ಬಂದು ಮೂರು ವರ್ಷದ ಪುಸ್ತಕ ಪೂರ್ತಿ ಇಳಿಸ್ಕೊಂಡೆ. ಒಂದು ದಿನಾನೂ ಎರಡು ಡಿಗ್ರಿಗಿಂತ ಕೆಳಗೆ ಹೋಗಿಲ್ಲ. ಅವಳ ಮುಖಕ್ಕೆ ಹಿಡಿದೆ, 'ನನ್ನ ತಮ್ಮ ಬರೆದದ್ದು' ಅಂದೆ. ಬಾಯಿ ಮುಚ್ಕೊಂಡು ಹೋದ್ಲು."

ನಾನೂ ಬಾಯಿ ಮುಚ್ಚಿಕೊಂಡೆ. ಪಾಯಿಂಟ್ ನಾಲ್ಕರ ಮೇಲೆ ನನಗೆ ನಂಬಿಕೆ ಇತ್ತು. ಆದರೆ ದಿನಾ ಬೆಳಿಗ್ಗೆ ಅವಳು ಅಲ್ಲೇ ಇರುತ್ತಾಳಲ್ಲ, "ನನ್ನ ತಮ್ಮ ಎಲ್ಲಿ, ಬರಲೇ ಇಲ್ಲ" ಎಂದು ಕೇಳಿದರೆ?

ಅಕ್ಟೋಬರ್ 21, ಮಂಗಳವಾರ

ಮೊಣಕಾಲು: ಎಂಟು. ಇಳಿಯುವಾಗ ಹತ್ತು.

ಮೂರು ವರ್ಷದ ಮೇಲೆ ಬೋಗುಣಿಗೆ ಇಳಿದೆ. ಪೆಟ್ಟಿಗೆಯ ಚಿಲಕ ತುಕ್ಕು ಹಿಡಿದು, ಕಲ್ಲಿನಿಂದ ಗುದ್ದಿ ತೆರೆಯಬೇಕಾಯಿತು. ಒಳಗೆ ಜೇಡವೊಂದು ಸಂಸಾರ ಹೂಡಿದೆ. ನಮ್ಮ ತಾಪಮಾಪಕದ ಕೊಳವೆಯೊಳಗೆ ಸಣ್ಣ ಕಡ್ಡಿಯೊಂದು ಇರುತ್ತದೆ. ಚಳಿ ಇಳಿದಂತೆ ಅದೂ ಕೆಳಗೆ ಸರಿದು, ಅತಿ ಕಡಿಮೆಯ ಗುರುತಿನಲ್ಲೇ ನಿಂತುಬಿಡುತ್ತದೆ. ಬೆಳಿಗ್ಗೆ ನೋಡಿಕೊಂಡು, ಕೊಳವೆಯನ್ನು ಓರೆ ಮಾಡಿ ಅದನ್ನು ಮತ್ತೆ ಮೇಲಕ್ಕೆ ತರಬೇಕು. ಯಾರೂ ತರದಿದ್ದರೆ ಅದು ತಾನು ಕಂಡ ಅತಿ ಕೆಟ್ಟ ಚಳಿಯ ಜಾಗದಲ್ಲೇ ಕೂತಿರುತ್ತದೆ.

ಕಡ್ಡಿ ಮೈನಸ್ ನಾಲ್ಕು ಪಾಯಿಂಟ್ ಆರರಲ್ಲಿ ಕೂತಿತ್ತು.

ನಕ್ಕುಬಿಟ್ಟೆ. ಯಾವುದೋ ದನ ಬಂದು ಕಂಬಕ್ಕೆ ಮೈ ಉಜ್ಜಿ ಅಲ್ಲಾಡಿಸಿರಬೇಕು. ಕಡ್ಡಿಯನ್ನು ಸರಿಸಿ, ಜೇಡಕ್ಕೆ ಜಾಗ ಖಾಲಿ ಮಾಡಲು ಹೇಳಿ ಮೇಲೆ ಬಂದೆ.

ಅಕ್ಟೋಬರ್ 23, ಗುರುವಾರ

ಮೊಣಕಾಲು: ಏಳು.

ಮೋಡ. ದಿಬ್ಬ 11.2, ಬೋಗುಣಿ 11.6. ಪಾಯಿಂಟ್ ನಾಲ್ಕು! ಮೆಟ್ಟಿಲ ಮೇಲೆ ಒಬ್ಬನೇ ನಿಂತು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಇಳಿಯದೆಯೇ ತಿಳಿಯುವವನು ಜ್ಞಾನಿ, ಇಳಿದು ತಿಳಿಯುವವನು ಕೂಲಿ. ಈ ಮಾತನ್ನು ಎಲ್ಲಾದರೂ ಕೆತ್ತಿಸಬೇಕು.

ನವೆಂಬರ್ 2, ಭಾನುವಾರ

ಮೊಣಕಾಲು: ಐದು.

ಇನ್ನೂ ಮೋಡ, ಇನ್ನೂ ಪಾಯಿಂಟ್ ನಾಲ್ಕು. ಅಕ್ಕ ಇನ್ನೂರು ತಟ್ಟೆಗಳಲ್ಲಿ ಮಣ್ಣು ತುಂಬಿ ಬೀಜ ಹಾಕಿದ್ದಾಳೆ. ಒಂದೊಂದು ತಟ್ಟೆಗೂ ಆಸ್ಪತ್ರೆಯ ಹಾಸಿಗೆಗೆ ಹಾಕುವ ಹಾಗೆ ನಂಬರು ಚೀಟಿ. ಮೊಳಕೆ ಬಂದವನ್ನು ಬೆರಳಿನ ಬೆನ್ನಿನಿಂದ ಮುಟ್ಟಿ ನೋಡುತ್ತಾಳೆ, ಮಕ್ಕಳ ಹಣೆ ಮುಟ್ಟಿ ಜ್ವರ ನೋಡುವ ಹಾಗೆ. "ಇವತ್ತು ಎಷ್ಟೋ?" ಎಂದು ಕೇಳುತ್ತಾಳೆ, ಹೇಳಿದ್ದನ್ನು ತನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತಾಳೆ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಅಂಕಿಗಾಗಿ ಕಾದು ನಿಂತ ಮೊದಲ ವ್ಯಕ್ತಿ ಇವಳು.

ನವೆಂಬರ್ 9, ಭಾನುವಾರ

ಮೊಣಕಾಲು: ಐದು ಇರಬೇಕು.

ಆಕಾಶ ಬಿಚ್ಚಿಕೊಂಡಿದೆ. ನಿನ್ನೆ ರಾತ್ರಿ ಒಂದು ಎಲೆಯೂ ಅಲ್ಲಾಡಲಿಲ್ಲ. ದಿಬ್ಬ 8.4. ಬೋಗುಣಿಯಲ್ಲಿ 8.8 ಇರಬೇಕಿತ್ತು.

4.1.

ಮೂರು ಸಲ ನೋಡಿದೆ. ಕನ್ನಡಕ ಒರೆಸಿ ನಾಲ್ಕನೆಯ ಸಲ ನೋಡಿದೆ. ಅಕ್ಕ ಅಲ್ಲಿಂದಲೇ ಕೂಗಿದಳು, "ಎಷ್ಟೋ?"

"ಎಂಟು ಪಾಯಿಂಟ್ ಎಂಟು" ಎಂದೆ. ನಾಲಿಗೆಗೆ ಮೂರು ವರ್ಷದ ಅಭ್ಯಾಸ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ತಾಪಮಾಪಕ ಡೊಂಕು ಎಂದುಕೊಂಡೆ. ಮಧ್ಯಾಹ್ನ ಮತ್ತೆ ಇಳಿದು ಕೆಳಗಿನದನ್ನು ಮೇಲಕ್ಕೂ ಮೇಲಿನದನ್ನು ಕೆಳಕ್ಕೂ ಬದಲಾಯಿಸಿದೆ. ನಾಳೆ ಕಳ್ಳ ಸಿಕ್ಕಿಬೀಳುತ್ತಾನೆ.

ನವೆಂಬರ್ 10, ಸೋಮವಾರ

ಕಳ್ಳ ಸಿಕ್ಕಿಬಿದ್ದ. ದಿಬ್ಬ 7.9, ಬೋಗುಣಿ 3.2. ಎರಡೂ ಕೊಳವೆಗಳು ಸಾಚಾ.

ಹತ್ತಿ ಬರುವಾಗ ಪೇಪರಿನವಳು ಸಿಕ್ಕಳು. ಹದಿನೆಂಟು ವರ್ಷದಿಂದ ದಿನಾ ಬೆಳಿಗ್ಗೆ ಈ ಮೆಟ್ಟಿಲಲ್ಲಿ ಪೇಪರು ಹೊತ್ತು ಓಡಾಡುವವಳು. ನಾನು ಏದುಸಿರು ಬಿಡುತ್ತ, "ಬೋಗುಣಿ ಚಳಿ ಅಂತ ಅಕ್ಕನಿಗೆ ಹೇಳಿದ್ರಂತೆ?" ಎಂದೆ.

"ಹೌದು ಸಾರ್. ಶುಭ್ರ ಆಕಾಶ ಇದ್ದ ದಿನ ಮೇಲೆ ಸ್ವೆಟರ್ ಬೇಡ, ಕೊನೇ ಐವತ್ತು ಮೆಟ್ಟಿಲಿಗೆ ಬೇಕು. ಕಾಲು ಮೊದಲು ಹೇಳತ್ತೆ, ಆಮೇಲೆ ಮಂಡಿ, ಆಮೇಲೆ ಮೂಗು. ನೀರಿಗೆ ಇಳಿದ ಹಾಗೆ." ನನ್ನ ಮುಖ ನೋಡಿ ಸಂಕೋಚಪಟ್ಟಳು. "ಆದ್ರೆ ನೀವು ಮಿಷಿನ್ ಇಟ್ಟು ನೋಡಿದ್ದೀರಲ್ಲ. ನಂದು ಬರೀ ಕಾಲು."

ಮನೆಗೆ ಬಂದು ಹಳೆಯ ಪೆಟ್ಟಿಗೆಯಲ್ಲಿ ಇಲಾಖಾ ಪರೀಕ್ಷೆಯ ಉತ್ತರಪತ್ರಿಕೆ ಹುಡುಕಿದೆ. ಪ್ರಶ್ನೆ ಏಳು: ಗಾಳಿಯಿಲ್ಲದ ಶುಭ್ರ ರಾತ್ರಿಗಳಲ್ಲಿ ತಗ್ಗು ನೆಲ ಏಕೆ ಹೆಚ್ಚು ತಣ್ಣಗಾಗುತ್ತದೆ? ನನ್ನ ಕೈಬರಹದಲ್ಲೇ ಉತ್ತರ ಇದೆ. ನೆಲ ತನ್ನ ಕಾವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ, ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ ಭಾರವಾಗುತ್ತದೆ, ಇಳಿಜಾರು ಹಿಡಿದು ನೀರಿನಂತೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಮೋಡವೋ ಗಾಳಿಯೋ ಇದ್ದರೆ ಹೀಗಾಗುವುದಿಲ್ಲ. ಹತ್ತಕ್ಕೆ ಒಂಬತ್ತು ಅಂಕ ಬಂದಿದೆ. ಬರೆದು, ಅಂಕ ತೆಗೆದುಕೊಂಡು, ಕೆಲಸ ಸಿಕ್ಕ ದಿನವೇ ಮರೆತಿದ್ದೇನೆ. ಮೈನಸ್ ನಾಲ್ಕು ಪಾಯಿಂಟ್ ಆರರಲ್ಲಿ ಕೂತಿದ್ದ ಆ ಕಡ್ಡಿ ಮೂರು ವರ್ಷ ಸತ್ಯವನ್ನು ಹಿಡಿದುಕೊಂಡು ಕಾದಿತ್ತು. ನಾನು ಬಂದು ದನದ ಮೇಲೆ ಗೂಬೆ ಕೂರಿಸಿದೆ.

ನವೆಂಬರ್ 11, ಮಂಗಳವಾರ

ಅಕ್ಕನಿಗೆ ಹೇಳಲು ಹೋದೆ. ಮಾತಿಗೆ ಪೀಠಿಕೆಯಾಗಿ ಹವಾಮಾನದ ಬಗ್ಗೆ ಮಾತಾಡಿದೆ. ಅರ್ಧ ಗಂಟೆ ಪೀಠಿಕೆಯೇ ಆಯಿತು. ನಾಳೆ ಮೋಡ ಬರಬಹುದು, ನೋಡೋಣ.

ನವೆಂಬರ್ 14, ಶುಕ್ರವಾರ

ಮೋಡ ಬರಲಿಲ್ಲ. ದಿಬ್ಬ 5.0, ಬೋಗುಣಿ ಮೈನಸ್ 0.8.

ಹುಲ್ಲಿನ ಮೇಲೆ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟಿತ್ತು. ಬಿಸಿಲು ಬೀಳುವ ಹೊತ್ತಿಗೆ ನೂರ ಇಪ್ಪತ್ತು ತಟ್ಟೆಗಳ ಸಸಿ ಬೇಯಿಸಿದ ಸೊಪ್ಪಿನ ಹಾಗೆ ಮಲಗಿದ್ದವು. ಗೋಡೆಯ ಪಕ್ಕದ ಎಂಬತ್ತು ಮಾತ್ರ ಹೇಗೋ ಉಳಿದಿವೆ. ಅಕ್ಕ ಒಂದು ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ನಿನ್ನೆ ಸಂಜೆ ನೀರು ಹೆಚ್ಚು ಹಾಕಿದೆ ಅನ್ಸತ್ತೆ. ಇಲ್ಲ, ಗೊಬ್ಬರ ಜಾಸ್ತಿ ಆಯ್ತೇನೋ. ನಂದೇ ತಪ್ಪು" ಎಂದಳು. ಆಮೇಲೆ ಎರಡೂ ಕೈ ಮುಂದೆ ಚಾಚಿ ನೋಡಿಕೊಂಡು, "ಕೈಗುಣ ಹೋಯ್ತು ಕಣೋ" ಎಂದಳು.

ಆಗ ಹೇಳಬೇಕಿತ್ತು. ನಾನು ಸತ್ತ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿಕೊಟ್ಟೆ. ನೀಟಾಗಿ ಜೋಡಿಸಿದೆ.

ನವೆಂಬರ್ 15, ಶನಿವಾರ

ಬರೆಯಲು ಏನಿಲ್ಲ. ಇದೆ, ಬರೆಯುವುದಿಲ್ಲ.

ನವೆಂಬರ್ 17, ಸೋಮವಾರ

ಪೇಪರಿನವಳು ಹೇಳಿದಳು. ನಿನ್ನೆ ಅಕ್ಕನ ಮನೆಗೆ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಿಸಿಕೊಳ್ಳಲು ವಾಚ್ ರಿಪೇರಿಯ ಮುದುಕ ಹೋಗಿದ್ದನಂತೆ, ಆರು ತಿಂಗಳಿಂದ ವಾರವಾರವೂ ಬರುವವನು. "ಬೇರೆ ಯಾರ ಹತ್ರಾದ್ರೂ ಹೋಗಿ ಅಣ್ಣ, ನನ್ನ ಕೈ ಈಗ ಸರಿಯಿಲ್ಲ" ಎಂದು ಬಾಗಿಲಲ್ಲೇ ಕಳಿಸಿದಳಂತೆ.

ಎಂಬತ್ತು ತಟ್ಟೆಯನ್ನೂ ಯಾರಿಗಾದರೂ ಕೊಟ್ಟುಬಿಡುತ್ತಾಳಂತೆ.

ಸಸಿ ಸಾಯಿಸಿದ್ದು ಸಾಲದು ಎಂದು ನಾನು ಅವಳ ಕೈಯನ್ನೇ ಕತ್ತರಿಸಿ ಕೂತಿದ್ದೇನೆ. ಈ ಪುಸ್ತಕದಲ್ಲಿ ತಮಾಷೆ ಮಾಡಿಕೊಂಡು ಕೂತಿದ್ದೇನೆ. ನನ್ನಂಥ ಹೇಡಿಯನ್ನು ನಾನು ನೋಡಿಲ್ಲ. ಕನ್ನಡಿ ಇದೆ, ನೋಡಬಹುದು.

ನವೆಂಬರ್ 18, ಮಂಗಳವಾರ

ಹೇಳಿದೆ. ಬಾಗಿಲಲ್ಲೇ, ಚಪ್ಪಲಿ ಬಿಡುವ ಮೊದಲೇ ಹೇಳಿದೆ. ಒಳಗೆ ಹೋಗಿ ಕೂತರೆ ಮತ್ತೆ ಪೀಠಿಕೆ ಶುರುವಾಗುತ್ತಿತ್ತು.

"ಅಕ್ಕ, ಆ ಅಂಕಿಗಳೆಲ್ಲ ಸುಳ್ಳು. ಮೂರು ವರ್ಷ ನಾನು ಕೆಳಗೆ ಇಳಿದೇ ಇಲ್ಲ. ಮೇಲಿಂದ ಲೆಕ್ಕ ಹಾಕಿ ಬರೆದೆ. ಲೆಕ್ಕಾನೂ ತಪ್ಪು. ಸಸಿ ಸತ್ತಿದ್ದು ಚಳಿಗೆ. ಉಳಿದವಕ್ಕೆ ರಾತ್ರಿ ಗೋಣಿ ಹೊದಿಸು. ನಿನ್ನ ಕೈಯಲ್ಲಿ ಏನೂ ತಪ್ಪಿಲ್ಲ."

ಅವಳು ಕೇಳಿದಳು, "ಯಾವತ್ತು ಗೊತ್ತಾಯ್ತು?"

"ಹತ್ತನೇ ತಾರೀಕು."

ಬೆರಳು ಮಡಿಸಿ ಎಣಿಸಿದಳು. "ಮೂರು ವರ್ಷದ್ದು ಬಿಡು. ಅದು ನಿನ್ನ ಸೋಮಾರಿತನ. ಚಿಕ್ಕವನಿದ್ದಾಗ ಮುಖ ತೊಳೀದೆ ತೊಳ್ಕೊಂಡೆ ಅಂತಿದ್ದೆ, ಅದೇ ಬುದ್ಧಿ. ಆದ್ರೆ ಹದಿನಾಲ್ಕನೇ ತಾರೀಕಿಂದ ನಾಲ್ಕು ದಿನ ನಾನು ನನ್ನ ಕೈನ ಬೈಕೊಂಡೆ. ನೀನು ಪಕ್ಕದಲ್ಲೇ ನಿಂತಿದ್ದೆ."

ಕಿವಿ ಹಿಂಡಿದ್ದರೆ ಎಷ್ಟೋ ಚೆನ್ನಾಗಿತ್ತು. ಬಾಗಿಲು ಮುಚ್ಚಿದಳು, ಮೆಲ್ಲಗೆ. ಅವಳು ಬಾಗಿಲನ್ನು ಯಾವಾಗಲೂ ದಡಾರನೆ ಹಾಕುವವಳು.

ನವೆಂಬರ್ 20, ಗುರುವಾರ

ದಶಮಾಂಶರ ಮುಂದೆ ಮೂವತ್ತೇಳು ಪುಟಗಳಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದೆ. ಪ್ರತಿ ಪುಟದ ಅಡಿಯಲ್ಲೂ "ನೋಡಿಲ್ಲ" ಎಂದು ಬರೆದು ಸಹಿ ಹಾಕಿದೆ. ಹಳೆಯದರಲ್ಲಿ ಮೊದಲ ಹದಿನೈದು ದಿನ ಮಾತ್ರ ಉಳಿದವು. ಮರುಭೂಮಿಯಲ್ಲಿ ಒಂದು ಮರದ ಹಾಗೆ ಎಂದು ಬರೆಯಬಹುದು, ಆದರೆ ಆ ಮರವೂ ಒಣಕಲು.

ಅವರು ಕೂಗಾಡಲಿಲ್ಲ. "ಮೂರು ವರ್ಷ ಒಂದು ದಿನಾನೂ ವಿಚಿತ್ರ ಅಂಕಿ ಬರಲಿಲ್ಲ ಅಂತ ನಿಮ್ಮನ್ನ ಹೊಗಳಿದ್ದೆ. ಹವಾಮಾನದಲ್ಲಿ ವಿಚಿತ್ರ ಇಲ್ಲದೆ ಇರತ್ತಾ? ನಂಗೂ ಹೊಳೀಲಿಲ್ಲ ನೋಡಿ" ಎಂದರು. ಛೀಮಾರಿ ಪತ್ರ ಸೂಚನಾ ಫಲಕದಲ್ಲಿ ಅಂಟಿದೆ. ಬಡ್ತಿಯ ಪಟ್ಟಿಯಿಂದ ನನ್ನ ಹೆಸರು ಹೋಗಿದೆ. ಗೋಡೆಯ ಮೇಲಿನ ಪತ್ರವನ್ನೂ ಇಳಿಸಿದೆ. ಗೋಡೆಯ ಬಣ್ಣ ಅಲ್ಲಿ ಚೌಕಾಕಾರಕ್ಕೆ ಹೊಸದಾಗಿ ಉಳಿದುಕೊಂಡಿದೆ.

ನವೆಂಬರ್ 24, ಸೋಮವಾರ

ಕಚೇರಿಯ ಉಗ್ರಾಣದಲ್ಲಿದ್ದ ಹಳೆಯ ಆರು ತಾಪಮಾಪಕಗಳನ್ನು ದಶಮಾಂಶರ ಅನುಮತಿ ಪಡೆದು ತಂದೆ. ನಾಲ್ಕು ದಿನದ ಹಿಂದೆ ಅವನ್ನು ಐವತ್ತೈವತ್ತು ಮೆಟ್ಟಿಲಿಗೆ ಒಂದರಂತೆ ನೆರಳಲ್ಲಿ ಕಟ್ಟಿದ್ದೇನೆ. ಬೆಳಿಗ್ಗೆ ಏಳಕ್ಕೆ ಮೇಲಿಂದ ನೋಡುತ್ತ ಇಳಿಯುತ್ತೇನೆ, ತಪ್ಪಾಯಿತೇ ಎಂದು ಮತ್ತೆ ನೋಡುತ್ತ ಹತ್ತುತ್ತೇನೆ. ನೂರೈವತ್ತನೆಯ ಮೆಟ್ಟಿಲ ಹತ್ತಿರ ಹಿಂದೆ ಬಟ್ಟೆ ಒಣಗಿಸುತ್ತಿದ್ದ ಕಲ್ಲಿನ ಜಗಲಿ ಇದೆ. ಇವತ್ತು ದಿಬ್ಬ 4.8, ಬೋಗುಣಿ ಮೈನಸ್ 1.5, ಜಗಲಿ 6.1. ತಳದಲ್ಲಿ ಚಳಿ ನಿಂತಿದೆ, ಮೇಲೆ ಎತ್ತರದ ತಂಪು, ನಡುವೆ ಈ ಜಗಲಿ ಮಾತ್ರ ಬೆಚ್ಚಗೆ. ನಾಲ್ಕು ದಿನವೂ ಹೀಗೆಯೇ.

ಕಾಗದದಲ್ಲಿ ಬರೆದು ಅಕ್ಕನ ಬಾಗಿಲ ಸಂದಿಯಲ್ಲಿ ತೂರಿಸಿ ಬಂದೆ. "ತಟ್ಟೆ ಕೊಟ್ಟುಬಿಡಬೇಡ" ಎಂದೂ ಬರೆದೆ.

ನವೆಂಬರ್ 26, ಬುಧವಾರ

ಬೆಳಿಗ್ಗೆ ಜಗಲಿಯ ಹತ್ತಿರ ಅಕ್ಕ ನಿಂತಿದ್ದಳು. ನನ್ನನ್ನು ಪಕ್ಕಕ್ಕೆ ಸರಿಸಿ, ತಾನೇ ಬಗ್ಗಿ ಕೊಳವೆ ನೋಡಿದಳು. ನಂತರ ನೂರ ಅರವತ್ತೆರಡು ಮೆಟ್ಟಿಲು ಇಳಿದು ಬೋಗುಣಿಯದನ್ನೂ ನೋಡಿದಳು. ನನ್ನ ಕಾಗದವನ್ನು ಕೈಯಲ್ಲಿ ಹಿಡಿದು ಒಂದೊಂದೇ ಅಂಕಿಗೆ ತಾಳೆ ಹಾಕಿದಳು.

"ಶನಿವಾರ ತಟ್ಟೆ ಹೊರಬೇಕು. ಬಾ" ಎಂದಳು.

ನವೆಂಬರ್ 29, ಶನಿವಾರ

ಬೋಗುಣಿಯಿಂದ ಜಗಲಿಗೆ ಎಂಬತ್ತು ತಟ್ಟೆ. ಅಕ್ಕ, ಪೇಪರಿನವಳು, ನಾನು. ನಲವತ್ತನ್ನು ನಾನೇ ಹೊತ್ತೆ, ಒಂದು ಸಲಕ್ಕೆ ಎರಡರಂತೆ. ಇಳಿದು ಹತ್ತಿ, ಇಳಿದು ಹತ್ತಿ, ಸಂಜೆಗೆ ತೋಳು ನನ್ನದಲ್ಲ ಎನಿಸಿತು. ಪೇಪರಿನವಳು ಮೂವತ್ತು ಹೊತ್ತು, ನಡುವೆ ನನಗಾಗಿ ಕಾದು ನಿಂತು, "ನಿಧಾನ ಸಾರ್, ಮೆಟ್ಟಿಲು ಎಲ್ಲೂ ಓಡಿಹೋಗಲ್ಲ" ಎಂದಳು. ಅಕ್ಕ ನಗಲಿಲ್ಲ. ಆದರೆ ಮುಖವನ್ನು ಆ ಕಡೆ ತಿರುಗಿಸಿಕೊಂಡಳು.

ಡಾಕ್ಟರಿಗೆ ಚೀಟಿ ತೋರಿಸುವ ದಿನ ಕಳೆದುಹೋಗಿದೆ. ಮರೆತೇ ಹೋಗಿತ್ತು.

ಡಿಸೆಂಬರ್ 6, ಶನಿವಾರ

ಈಗಿನ ಪದ್ಧತಿ ಹೀಗಿದೆ. ನಾನು ಏಳಕ್ಕೆ ನೋಡಿ ಬರೆಯುತ್ತೇನೆ. ಆದರೆ ಕಡ್ಡಿಯನ್ನು ಸರಿಸುವಂತಿಲ್ಲ. ಅಕ್ಕ ಬಂದು, ಜಗಲಿಯದನ್ನು ನೋಡಿ, ಬೋಗುಣಿಯವರೆಗೆ ಇಳಿದು ಅಲ್ಲಿನದನ್ನೂ ನೋಡಿ, "ಹೂಂ" ಎಂದ ಮೇಲೆಯೇ ಸರಿಸಬೇಕು. ಐವತ್ತೊಂದು ವರ್ಷದ ಸರ್ಕಾರಿ ನೌಕರ ಹೋಂವರ್ಕ್ ತೋರಿಸುವ ಹುಡುಗನಂತೆ ನಿಂತಿರುತ್ತೇನೆ. ಇವತ್ತು ಬೋಗುಣಿ ಮೈನಸ್ 2.1, ಜಗಲಿ 4.4. ಅವಳು ಕಣ್ಣು ಕಿರಿದು ಮಾಡಿ ನೋಡಿ, "ನಾಲ್ಕು ಪಾಯಿಂಟ್ ಮೂರು" ಎಂದಳು. "ನಾಲ್ಕು" ಎಂದೆ. "ಮೂರು" ಎಂದಳು. ಬಗ್ಗಿ ನೋಡಿದೆ. ಮೂರೂ ಅಲ್ಲ, ನಾಲ್ಕೂ ಅಲ್ಲ, ನಡುವೆ. ನಾವಿಬ್ಬರೂ ಕೊಳವೆಯ ಮುಂದೆ ಮೂಗು ತಾಗಿಸಿ ಹತ್ತು ನಿಮಿಷ ಜಗಳವಾಡಿದೆವು. ಹದಿನೆಂಟು ದಿನದಲ್ಲಿ ಅವಳು ನನ್ನೊಂದಿಗೆ ಆಡಿದ ಅತಿ ಉದ್ದದ ಮಾತು ಅದು.

ಸಸಿಗಳು ಎದ್ದಿವೆ. ವಾಚ್ ರಿಪೇರಿಯ ಮುದುಕನನ್ನು ಅವಳೇ ಹೋಗಿ ಕರೆದುಕೊಂಡು ಬಂದಳಂತೆ.

ಡಿಸೆಂಬರ್ 19, ಶುಕ್ರವಾರ

ಈ ಚಳಿಗಾಲದ ಅತಿ ಕೆಟ್ಟ ಚಳಿ. ಬೋಗುಣಿ ಮೈನಸ್ 3.2. ಬರೆದುಕೊಂಡು, ಕಡ್ಡಿಯನ್ನು ಹಾಗೆಯೇ ಬಿಟ್ಟು ಜಗಲಿಗೆ ಹತ್ತಿದೆ. ಜಗಲಿ 3.9. ಅಕ್ಕ ಆಗಲೇ ಅಲ್ಲಿದ್ದಳು, ಮಣ್ಣಾದ ಕೈಯಲ್ಲಿ ಸಸಿಗಳನ್ನು ದೊಡ್ಡ ತಟ್ಟೆಗೆ ಬದಲಾಯಿಸುತ್ತಿದ್ದಳು. ಒಂದೂ ಬಾಡಿರಲಿಲ್ಲ.

"ಎಷ್ಟೋ?" ಎಂದಳು, ತಲೆ ಎತ್ತದೆ.

"ಇಲ್ಲಿ ಮೂರು ಪಾಯಿಂಟ್ ಒಂಬತ್ತು. ಕೆಳಗೆ ಮೈನಸ್ ಮೂರು ಪಾಯಿಂಟ್ ಎರಡು."

ಕೈ ಒರೆಸಿಕೊಂಡಳು. ಪುಸ್ತಕ ತೆಗೆದಳು. ಬರೆದುಕೊಂಡಳು. ಪುಸ್ತಕ ಮುಚ್ಚಿ ಮತ್ತೆ ಸಸಿಗೆ ಕೈ ಹಾಕಿದಳು.

ನಾನು ಕಾದೆ. ಅವಳು ಕೊಳವೆಯ ಕಡೆ ಬಗ್ಗಲಿಲ್ಲ. ಮೆಟ್ಟಿಲ ಕಡೆಗೂ ಹೋಗಲಿಲ್ಲ.

"ಯಾಕೋ ಕಂಬದ ಹಾಗೆ ನಿಂತೆ? ಕಡ್ಡಿ ಸರಿಸು ಹೋಗು" ಎಂದಳು.

ನೂರ ಅರವತ್ತೆರಡು ಮೆಟ್ಟಿಲು ಮತ್ತೆ ಇಳಿದೆ. ಪೆಟ್ಟಿಗೆ ತೆರೆದೆ. ಕಡ್ಡಿ ಸರಿಸುವ ಮೊದಲು, ಅವಳು ಬಗ್ಗುತ್ತಿದ್ದಷ್ಟೇ ಬಗ್ಗಿ, ಅವಳ ಪರವಾಗಿ ಇನ್ನೊಮ್ಮೆ ನೋಡಿದೆ.

ಮೈನಸ್ ಮೂರು ಪಾಯಿಂಟ್ ಎರಡು. ಸರಿಯಾಗಿತ್ತು.